ಡ್ರೈವ್ 'ಎನ್‌ಕೋಡರ್' ಅಂದ ಮಾತ್ರಕ್ಕೆ ಎನ್‌ಕೋಡರ್ ಬಿಚ್ಚಬೇಡಿ: ಸಿಎನ್‌ಸಿ ಸ್ಪಿಂಡಲ್ ಫೀಡ್‌ಬ್ಯಾಕ್ ದೋಷ ಹುಡುಕುವ ದಾರಿ

ಆಯುಧ ಪೂಜೆ ಮುಗಿದು ಶೆಡ್‌ಗಳು ಮತ್ತೆ ಬಾಗಿಲು ತೆಗೆಯುವ ದಿನ ಬೆಳಗ್ಗೆಯಿಂದಲೇ, ಸಿಎನ್‌ಸಿ ಅಂದರೆ ಕಂಪ್ಯೂಟರ್ ನಡೆಸುವ ಮೆಷಿನ್‌ಗಳ ರಿಪೇರಿ ಮಾಡುವ ನನ್ನ ಫೋನ್ ಶುರುವಾಗುತ್ತದೆ. ಮೈಸೂರಿನ ಹೆಬ್ಬಾಳ, ಮೇಟಗಳ್ಳಿ, ಕೂರ್ಗಳ್ಳಿ, ಮಧ್ಯಾಹ್ನದ ಹೊತ್ತಿಗೆ ಮಂಡ್ಯ ಕಡೆಯ ತೂಬಿನಕೆರೆ. ಒಂದು ವರ್ಷ ಹೆಬ್ಬಾಳದ ಒಂದು ಸಣ್ಣ ಜಾಬ್ ಶಾಪ್‌ನಿಂದ ಮೊದಲ ಕರೆ ಬಂತು. ಹೊಸಬರಿಗೆ ಒಂದು ಮಾತು: ಸ್ಪಿಂಡಲ್ ಅಂದರೆ ಜಾಬ್ (ಕೆಲಸದ ತುಂಡು) ಅಥವಾ ಟೂಲ್ ತಿರುಗಿಸುವ ಮುಖ್ಯ ಶಾಫ್ಟ್, ಡ್ರೈವ್ ಅಂದರೆ ಅದರ ಮೋಟಾರನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಎನ್‌ಕೋಡರ್ ಅಂದರೆ ಎಷ್ಟು ತಿರುಗಿತು ಅಂತ ಡ್ರೈವ್‌ಗೆ ಹೇಳುವ ಸೆನ್ಸರ್.

"ಅಣ್ಣಾ, ಲೇತ್ ಸ್ಪಿಂಡಲ್ ಓಡ್ತಿಲ್ಲ. ಡ್ರೈವ್ ಮೇಲೆ 27 ಅಂತ ಬರ್ತಿದೆ. ಎನ್‌ಕೋಡರ್ ಹೋಗಿದೆ ಅನ್ಸುತ್ತೆ, ಹೊಸದು ಆರ್ಡರ್ ಹಾಕ್ಬಿಡ್ಲಾ?"

"ಪೂಜೆಗೆ ಮೆಷಿನ್ ತೊಳೆದ್ರಾ?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಹುಡುಗ್ರು ಪೈಪ್ ಹಿಡಿದಿದ್ರು ಅಣ್ಣಾ."

ಹೋಗಿ ನೋಡಿದೆ. ಸ್ಪಿಂಡಲ್ ಕೂತಿರುವ ಹೆಡ್‌ಸ್ಟಾಕ್ ಹಿಂದಿನ ಗುಂಡನೆ ಕನೆಕ್ಟರ್ ಮೇಲೆ ಕುಂಕುಮದ ಬೊಟ್ಟು, ಪಕ್ಕದಲ್ಲಿ ಚೆಂಡುಹೂವಿನ ಎರಡು ಎಸಳು. ತಿರುಗಿಸಿ ಬಿಚ್ಚಿದ ಕೂಡಲೇ ಅಂಗೈ ಮೇಲೆ ಒಂದು ಹನಿ ನೀರು ಬಿತ್ತು. ಒಳಗೆ ಎರಡು ಪಿನ್ ಹಸಿರು ಹಿಡಿದಿದ್ದವು. ಎರಡು ದಿನದ ನೀರಿಗೆ ಪಿನ್ ಹಾಗಾಗುವುದಿಲ್ಲ. ಕೂಲೆಂಟ್ (ಕಟಿಂಗ್ ತಣ್ಣಗಿಡುವ ದ್ರವ) ತಿಂಗಳುಗಟ್ಟಲೆ ಒಳಗೆ ಇಳಿದಿತ್ತು, ಪೂಜೆಯ ನೀರು ಕೊನೆಗೊಂದು ತಳ್ಳು ಕೊಟ್ಟಿತ್ತು ಅಷ್ಟೆ. ಪಿನ್ ತೊಳೆದು, ಒಣಗಿಸಿ, ಹರಿದಿದ್ದ ರಬ್ಬರ್ ರಿಂಗ್ ಬದಲಿಸಿದೆ. ಮುಕ್ಕಾಲು ಗಂಟೆಯಲ್ಲಿ ಸ್ಪಿಂಡಲ್ ತಿರುಗಿತು. ಎನ್‌ಕೋಡರ್‌ಗೆ ಏನೂ ಆಗಿರಲಿಲ್ಲ.

ಡ್ರೈವ್ ಎನ್‌ಕೋಡರನ್ನು ನೋಡುವುದಿಲ್ಲ. ತನ್ನ ಸಾಕೆಟ್‌ಗೆ ಬಂದು ಸೇರುವ ಸಿಗ್ನಲ್ ಮಾತ್ರ ಅದಕ್ಕೆ ಗೊತ್ತು. ಸ್ಪಿಂಡಲ್‌ನಿಂದ ಆ ಸಾಕೆಟ್ ತನಕ ಬೆಲ್ಟ್ ಇದೆ, ಪುಲ್ಲಿ ಇದೆ, ಎರಡು ಮೂರು ಕನೆಕ್ಟರ್ ಇವೆ, ಹತ್ತು ಹದಿನೈದು ಮೀಟರ್ ಕೇಬಲ್ ಇದೆ, 5 ವೋಲ್ಟ್ ಸಪ್ಲೈ ಇದೆ. ಇದರಲ್ಲಿ ಯಾವುದು ಕೈಕೊಟ್ಟರೂ ಸ್ಕ್ರೀನ್ ಮೇಲೆ ಬರುವ ಹೆಸರು ಎನ್‌ಕೋಡರ್‌ದೇ. ಅದಕ್ಕೇ ಕಾಸಿಲ್ಲದ ಪರೀಕ್ಷೆಯಿಂದ ಶುರುಮಾಡಿ ದುಬಾರಿ ಕಡೆಗೆ ಹೋಗಬೇಕು. ನಾನು ಹೋಗುವ ದಾರಿ ಇದು. ಮಲ್ಟಿಮೀಟರ್ ಹಿಡಿಯಲು ಬರುವ, ಪ್ಯಾನೆಲ್ ಒಳಗೆ ಕೈ ಹಾಕಿ ಅಭ್ಯಾಸ ಇರುವ ಮೇಂಟೆನೆನ್ಸ್‌ನವರಿಗಾಗಿ ಬರೆಯುತ್ತಿದ್ದೇನೆ.

ರೀಸೆಟ್ ಒತ್ತುವ ಮುಂಚೆ

ಅಲಾರ್ಮ್ ಬಂದ ಕೂಡಲೇ ಆಪರೇಟರ್ ಕೈ ತಾನಾಗಿ ರೀಸೆಟ್‌ಗೆ ಹೋಗುತ್ತದೆ. ಅದನ್ನು ತಡೆಯಿರಿ. ಮೊದಲು ಸ್ಕ್ರೀನ್ ಫೋಟೋ, ಆಮೇಲೆ ಪ್ಯಾನೆಲ್ ತೆಗೆದು ಸ್ಪಿಂಡಲ್ ಡ್ರೈವ್ ಮೇಲಿನ ನಂಬರ್ ಫೋಟೋ. ಫ್ಯಾನಕ್ ಕಂಪನಿಯ ಡ್ರೈವ್ ಆದರೆ ನಂಬರ್ ಪಕ್ಕದಲ್ಲಿ ಯಾವ ಬಣ್ಣದ ದೀಪ ಉರಿಯುತ್ತಿದೆ ಅಂತಲೂ ನೋಡಿ. ಕೆಂಪು ಉರಿದರೆ ಅಲಾರ್ಮ್. ಹಳದಿ ಉರಿದರೆ ಅದು ಕಮಾಂಡ್ ಕ್ರಮದ ತಪ್ಪು ಅಥವಾ ಪ್ಯಾರಾಮೀಟರ್ ವಿಷಯ. ಅದೇ ನಂಬರ್‌ಗೆ ಎರಡು ಬಣ್ಣದಲ್ಲಿ ಎರಡು ಅರ್ಥ. ಹಳದಿ ದೀಪ ಇಟ್ಟುಕೊಂಡು ಕೆಂಪಿನ ಪಟ್ಟಿ ಓದಿ ಅರ್ಧ ದಿನ ಕಳೆದವರನ್ನು ಕಂಡಿದ್ದೇನೆ.

ಫ್ಯಾನಕ್‌ನಲ್ಲಿ 27 ಅಂದರೆ ಪೊಸಿಷನ್ ಕೋಡರ್ (ಸ್ಪಿಂಡಲ್ ಪಕ್ಕದ ಎನ್‌ಕೋಡರ್) ಸಿಗ್ನಲ್ ಕಡಿದಿದೆ. 73 ಅಂದರೆ ಮೋಟಾರ್ ಒಳಗಿನ ಸೆನ್ಸರ್ ಸಿಗ್ನಲ್ ಕಡಿದಿದೆ. 41, 42, 47 ಪೊಸಿಷನ್ ಕೋಡರ್‌ನ ಪಲ್ಸ್ (ತಿರುಗುವಾಗ ಬರುವ ಸಿಗ್ನಲ್ ಮಿಡಿತ) ಎಣಿಕೆ ತಪ್ಪುವುದು ಅಥವಾ ಸುತ್ತಿಗೊಂದು ಬರುವ ಸಿಗ್ನಲ್ ಬಾರದಿರುವುದು. 81, 82, 83 ಅದೇ ತಪ್ಪುಗಳು, ಆದರೆ ಮೋಟಾರ್ ಸೆನ್ಸರ್ ಕಡೆಯವು. 31 ಬಂದರೆ ಹೇಳಿದ ವೇಗಕ್ಕೆ ಮೋಟಾರ್ ತಿರುಗುತ್ತಿಲ್ಲ, ನಿಂತೇ ಇದೆ ಅಥವಾ ತೆವಳುತ್ತಿದೆ. 02 ಬಂದರೆ ಹೇಳಿದ ವೇಗಕ್ಕೂ ಬಂದ ವೇಗಕ್ಕೂ ಅಂತರ ಜಾಸ್ತಿ. ಸೀಮೆನ್ಸ್ ಕಂಪನಿಯ ಸಿನಾಮಿಕ್ಸ್ ಡ್ರೈವ್‌ನಲ್ಲಿ 31100 ಮತ್ತು 31101 ಝೀರೋ ಮಾರ್ಕ್ (ಸುತ್ತಿಗೊಂದು ಬರುವ ಸಿಗ್ನಲ್) ದೋಷಗಳು, 31115 ಸಿಗ್ನಲ್ ಎತ್ತರ ಕಡಿಮೆಯಾದಾಗ, 31118 ವೇಗ ನಂಬಲಾಗದಷ್ಟು ಹಾರಿದಾಗ. ಮೋಟಾರ್ ವೇಗ ಬದಲಿಸುವ ಸಾಧಾರಣ ಇನ್ವರ್ಟರ್ ಹಾಕಿದ ಸ್ಪಿಂಡಲ್ ಆದರೆ, ಉದಾಹರಣೆಗೆ ಯಾಸ್ಕಾವಾದಲ್ಲಿ, ಪಿಜಿಒ ಅಂದರೆ ಎನ್‌ಕೋಡರ್ ಕಡಿತ, ಡಿಇವಿ ಅಂದರೆ ವೇಗದ ಅಂತರ.

ನಂಬರ್‌ಗಿಂತ ಜಾಸ್ತಿ ಹೇಳುವುದು ಅಲಾರ್ಮ್ ಬಂದ ಗಳಿಗೆ. ಆಪರೇಟರ್ ಜೊತೆ ಐದು ನಿಮಿಷ ಕೂತು ಕೇಳಿ. ಪವರ್ ಹಾಕಿದ ತಕ್ಷಣ ಬರುತ್ತದಾ? ಹಾಗಾದರೆ ಕೇಬಲ್ ಕಡಿತ, ಕನೆಕ್ಟರ್, ಸಪ್ಲೈ ಕಡೆ ನೋಡಿ. ಸ್ಪಿಂಡಲ್ ವೇಗ ಏರುವಾಗ ಮಾತ್ರ ಬರುತ್ತದಾ? ಬೆಲ್ಟ್ ಜಾರುತ್ತಿರಬಹುದು, ಅಥವಾ ಮೋಟಾರ್ ಕೇಬಲ್‌ನ ಗದ್ದಲ (ನಾಯ್ಸ್, ಸಿಗ್ನಲ್ ಕೆಡಿಸುವ ಕರೆಂಟ್ ಅಡಚಣೆ) ಒಳಗೆ ಬರುತ್ತಿರಬಹುದು. ಒಂದು ವೇಗ ದಾಟಿದ ಮೇಲೆ ಮಾತ್ರ ಬಂದರೆ ಸೆನ್ಸರ್ ಮತ್ತು ಹಲ್ಲಿನ ರಿಂಗ್ ನಡುವಿನ ಗ್ಯಾಪ್ ಅಥವಾ ಜೋಡಿ ವೈರಿನಲ್ಲಿ ಒಂದು ಕಡಿದಿರುವುದು. ಗಂಟೆಗಟ್ಟಲೆ ಓಡಿ ಬಿಸಿಯಾದ ಮೇಲೆ ಬಂದರೆ ಎನ್‌ಕೋಡರ್ ಮೇಲೆ ನಿಜವಾದ ಅನುಮಾನ. ವಿಎಂಸಿಯಲ್ಲಿ (ಸ್ಪಿಂಡಲ್ ನೇರ ನಿಂತಿರುವ ಮಿಲ್ಲಿಂಗ್ ಮೆಷಿನ್) ಹೆಡ್ ಮೇಲೆ ಕೆಳಗೆ ಹೋಗುವಾಗ ಬಂದರೆ ಕೇಬಲ್ ಚೈನ್ ಒಳಗಿನ ವೈರ್. ಈ ಐದು ನಿಮಿಷ ಎಷ್ಟೋ ಸಲ ನನ್ನ ಅರ್ಧ ಕೆಲಸ ಮುಗಿಸಿದೆ.

ಅಲಾರ್ಮೇ ಬಾರದ ದೋಷವೂ ಇದೆ. ಸ್ಪಿಂಡಲ್ ತಿರುಗುತ್ತಿದೆ, ಜಿ01 (ನೇರ ಗೆರೆಯಲ್ಲಿ ಕಟ್ ಮಾಡುವ ಕಮಾಂಡ್) ಲೈನ್ ಬಂತು, ಆಕ್ಸಿಸ್ ಕದಲುತ್ತಿಲ್ಲ. ಸ್ಕ್ರೀನ್ ಮೇಲೆ ಸ್ಪಿಂಡಲ್ ವೇಗ ಸೊನ್ನೆ. ಲೇತ್‌ನಲ್ಲಿ ಫೀಡ್ ಸಾಮಾನ್ಯವಾಗಿ ಸುತ್ತಿಗೆ ಇಷ್ಟು ಮಿಲಿಮೀಟರ್ ಅಂತ ಇರುತ್ತದೆ ಅಲ್ವಾ, ಸುತ್ತೇ ಎಣಿಕೆಗೆ ಬಾರದಿದ್ದರೆ ಫೀಡ್ ಎಲ್ಲಿಂದ ಬರಬೇಕು? ಥ್ರೆಡ್ ಕಟ್ಟು ಎರಡೆರಡಾಗಿ ಕಾಣುವುದು, ರಿಜಿಡ್ ಟ್ಯಾಪಿಂಗ್‌ನಲ್ಲಿ (ಸ್ಪಿಂಡಲ್ ಸುತ್ತಿಗೆ ಹೊಂದಿಸಿ ತೂತಿನೊಳಗೆ ಥ್ರೆಡ್ ಕೊರೆಯುವಾಗ) ಟ್ಯಾಪ್ ಮುರಿಯುವುದು, ನಿಗದಿತ ಕೋನದಲ್ಲಿ ನಿಲ್ಲಿಸುವ ಎಂ19 ಕಮಾಂಡ್ ಕೊಟ್ಟಾಗ ಸ್ಪಿಂಡಲ್ ದಿನಕ್ಕೊಂದು ಕಡೆ ನಿಲ್ಲುವುದು, ಎಲ್ಲವೂ ಇದೇ ಮನೆಯ ಮಕ್ಕಳು.

ಯಾವ ಎನ್‌ಕೋಡರ್?

ಬೆಲ್ಟ್ ಮೇಲೆ ಓಡುವ ಸ್ಪಿಂಡಲ್‌ಗೆ ಸಾಮಾನ್ಯವಾಗಿ ಎರಡು ಫೀಡ್‌ಬ್ಯಾಕ್ ಇರುತ್ತವೆ. ಮೋಟಾರ್ ಹಿಂಭಾಗದಲ್ಲಿ ಒಂದು. ಮೋಟಾರ್ ಎಷ್ಟು ವೇಗದಲ್ಲಿದೆ ಅಂತ ಡ್ರೈವ್‌ಗೆ ಹೇಳುವುದು ಅದು. ಸ್ಪಿಂಡಲ್ ಪಕ್ಕದಲ್ಲಿ ಸಣ್ಣ ಟೈಮಿಂಗ್ ಬೆಲ್ಟ್ ಹಾಕಿ ಕೂರಿಸಿದ್ದು ಇನ್ನೊಂದು, ಅದು ಪೊಸಿಷನ್ ಕೋಡರ್. ಥ್ರೆಡಿಂಗ್, ಓರಿಯೆಂಟೇಶನ್ (ಎಂ19ರ ನಿಲುಗಡೆ) ಎಲ್ಲ ಇದರ ಲೆಕ್ಕ. ಫ್ಯಾನಕ್ ಆಲ್ಫಾ ಐ ಡ್ರೈವ್‌ನಲ್ಲಿ ಮೋಟಾರ್ ಸೆನ್ಸರ್ ಜೆವೈಎ2 ಸಾಕೆಟ್‌ಗೆ ಬರುತ್ತದೆ, ಪೊಸಿಷನ್ ಕೋಡರ್ ಜೆವೈಎ3ಗೆ. 73 ಬಂದಾಗ ಸ್ಪಿಂಡಲ್ ಪಕ್ಕದ ಕೋಡರ್ ಬಿಚ್ಚಿ ಕೂತರೆ ಸುಮ್ನೆ ಟೈಮ್ ವೇಸ್ಟ್. ಡ್ರಾಯಿಂಗ್ ತೆಗೆದು ಯಾವ ಕೇಬಲ್ ಎಲ್ಲಿಂದ ಎಲ್ಲಿಗೆ ಅಂತ ಕೈಯಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳಿ. ಹಳೇ ಮೆಷಿನ್‌ಗಳಲ್ಲಿ ಡ್ರಾಯಿಂಗ್ ಒಂದು ಹೇಳುತ್ತದೆ, ವೈರಿಂಗ್ ಇನ್ನೊಂದು.

ಪವರ್ ತೆಗೆದ ಮೇಲೂ ಪವರ್ ಇದೆ

ಮೇನ್ ಸ್ವಿಚ್ ಇಳಿಸಿ, ಬೀಗ ಹಾಕಿ, ಬೋರ್ಡ್ ನೇತುಹಾಕಿ. ಅಷ್ಟಕ್ಕೆ ಮುಗಿಯಲಿಲ್ಲ. 200 ವೋಲ್ಟ್ ವರ್ಗದ ಡ್ರೈವ್‌ನ ಡಿಸಿ ಲಿಂಕ್‌ನಲ್ಲಿ (ಕರೆಂಟ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಭಾಗ) ಸುಮಾರು 300 ವೋಲ್ಟ್ ಡಿಸಿ ನಿಂತಿರುತ್ತದೆ. 400 ವೋಲ್ಟ್ ವರ್ಗದ್ದಾದರೆ 540ರಿಂದ 600. ಡ್ರೈವ್ ಮೇಲೆ ಬರೆದಷ್ಟು ಹೊತ್ತು ಕಾಯಿರಿ, ಚಾರ್ಜ್ ದೀಪ ಆರಲಿ, ಆಮೇಲೂ ಮೀಟರ್ ಇಟ್ಟು ನೋಡಿ. ದೀಪವೇ ಸುಟ್ಟು ಹೋಗಿದ್ದರೆ? ಅದಕ್ಕೇ ಮೀಟರ್. ಎನ್‌ಕೋಡರ್ ಕನೆಕ್ಟರನ್ನು ಪವರ್ ಇದ್ದಾಗ ಹಾಕುವುದು, ತೆಗೆಯುವುದು ಬೇಡವೇ ಬೇಡ. ಒಂದು ಸಲ ಹಾಗೆ ಎಳೆದರೆ ಎನ್‌ಕೋಡರ್ ಒಳಗಿನ ಬೋರ್ಡ್ ಅಥವಾ ಡ್ರೈವ್‌ನ ರಿಸೀವರ್ ಹೋಗಬಹುದು. ಆಗ ಇಲ್ಲದ ದೋಷವನ್ನು ನೀವೇ ತಂದಂತೆ.

ಮೊದಲು ಕಣ್ಣು, ಕೈ, ಒಂದು ಮಾರ್ಕರ್ ಪೆನ್

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಾನು ಎಡವಿದ್ದೇ ಇಲ್ಲಿ. ಕೆಲಸಕ್ಕೆ ಸೇರಿದ ಹೊಸತು. ಕೂರ್ಗಳ್ಳಿ ಕಡೆಯ ಒಂದು ಲೇತ್‌ನಲ್ಲಿ ಥ್ರೆಡ್ ಎರಡೆರಡಾಗಿ ಬರುತ್ತಿತ್ತು, ನಡುನಡುವೆ 47 ಕೂಡ. ಪೊಸಿಷನ್ ಕೋಡರ್ ಹೋಗಿದೆ ಅಂತ ಗಟ್ಟಿಯಾಗಿ ಹೇಳಿದೆ. ಮಾಲೀಕರು ಹೊಸದು ತರಿಸಿದರು. ಹಾಕಿದೆ. ಅಲಾರ್ಮ್ ನಿಂತಿತು, ಥ್ರೆಡ್ ಮಾತ್ರ ಹಾಗೇ! ಸಂಜೆ ಹೊತ್ತಿಗೆ ಸ್ಪಿಂಡಲ್ ಕಡೆಯ ಪುಲ್ಲಿ ಹಿಡಿದು ಅಲ್ಲಾಡಿಸಿದರೆ ಅದು ತನ್ನ ಪಾಡಿಗೆ ಸ್ವಲ್ಪ ತಿರುಗಿತು. ಪುಲ್ಲಿಯನ್ನು ಶಾಫ್ಟ್‌ಗೆ ಬಿಗಿಹಿಡಿಯುವ ಗ್ರಬ್ ಸ್ಕ್ರೂ ಸಡಿಲ. ಎರಡು ರೂಪಾಯಿಯ ಸ್ಕ್ರೂ. 47 ಬರುತ್ತಿದ್ದದ್ದು ಕನೆಕ್ಟರ್ ಸರಿ ಕೂರದ್ದಕ್ಕೆ, ಕೋಡರ್ ಬದಲಿಸುವಾಗ ಅದು ತಾನಾಗಿ ಸರಿಹೋಗಿತ್ತು. ಮಾಲೀಕರು ಏನೂ ಅನ್ನಲಿಲ್ಲ, ಕಾಫಿ ತರಿಸಿಕೊಟ್ಟರು. ಬೈದಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲ.

ಹಾಗಾಗಿ ಈಗ ಮೊದಲು ಕವರ್ ತೆಗೆದು ಬೆಲ್ಟ್ ನೋಡುತ್ತೇನೆ. ಹಲ್ಲು ಸವೆದಿದೆಯಾ, ಎಣ್ಣೆ ಕುಡಿದು ಉಬ್ಬಿದೆಯಾ, ಬೆರಳಲ್ಲಿ ಒತ್ತಿದರೆ ಜೋಲು ಬೀಳುತ್ತಿದೆಯಾ. ಬಿಳಿ ಮಾರ್ಕರ್‌ನಿಂದ ಪುಲ್ಲಿ, ಶಾಫ್ಟ್, ಬೆಲ್ಟ್ ಮೂರರ ಮೇಲೂ ಹಾಯುವಂತೆ ಒಂದು ಗೆರೆ ಎಳೆಯುತ್ತೇನೆ. ಎರಡೂ ಪುಲ್ಲಿಗೆ ಇದೇ ರೀತಿ. ಸ್ಪಿಂಡಲ್ ಓಡಿಸಿ, ನಿಲ್ಲಿಸಿ, ಮತ್ತೆ ನೋಡುತ್ತೇನೆ. ಪುಲ್ಲಿ ಮೇಲಿನ ಗೆರೆ ಶಾಫ್ಟ್ ಗೆರೆಯಿಂದ ಸರಿದಿದ್ದರೆ ಗ್ರಬ್ ಸ್ಕ್ರೂ ಅಥವಾ ಕೀ. ಬೆಲ್ಟ್ ಗೆರೆ ನೋಡುವಾಗ ಮಾತ್ರ ಒಂದು ಎಚ್ಚರ: ಬೆಲ್ಟ್ ಉದ್ದ ಇರುವುದರಿಂದ ಅದರ ಗೆರೆ ಪ್ರತಿ ಸುತ್ತಿಗೂ ಅದೇ ಜಾಗಕ್ಕೆ ಬರುವುದಿಲ್ಲ. 1:1 ಪುಲ್ಲಿ ಆದರೆ ಎರಡೂ ಪುಲ್ಲಿಯ ಗೆರೆ ಒಟ್ಟಿಗೆ ಮೇಲೆ ಬರುತ್ತಿವೆಯಾ ಅಂತ ನೋಡಿದರೆ ಸಾಕು. ಬರದಿದ್ದರೆ ಹಲ್ಲು ಹಾರಿದೆ.

ಒಂದು ಹಲ್ಲು ಹಾರಿದರೆ ಏನು ಮಹಾ ಅನ್ನುವವರಿಗೆ ಒಂದು ಲೆಕ್ಕ. ಪುಲ್ಲಿಗೆ 30 ಹಲ್ಲು ಅಂತ ಇಟ್ಟುಕೊಳ್ಳಿ. ಒಂದು ಹಲ್ಲು ಅಂದರೆ 12 ಡಿಗ್ರಿ. 1.5 ಮಿಲಿಮೀಟರ್ ಪಿಚ್ ಥ್ರೆಡ್‌ನಲ್ಲಿ 12 ಡಿಗ್ರಿ ಅಂದರೆ 0.05 ಮಿಲಿಮೀಟರ್. ಎರಡು ಪಾಸ್ ನಡುವೆ ಹಲ್ಲು ಹಾರಿದರೆ ಮುಂದಿನ ಪಾಸ್ ಅಷ್ಟು ಪಕ್ಕಕ್ಕೆ ಕಚ್ಚುತ್ತದೆ. ಥ್ರೆಡ್ ಅಳತೆಗೆ ಕೂರುವುದಿಲ್ಲ.

ಬೆಲ್ಟ್ ಇಲ್ಲದೆ ಹಲ್ಲಿನ ರಿಂಗ್ ಮತ್ತು ಮ್ಯಾಗ್ನೆಟಿಕ್ ಸೆನ್ಸರ್ ಇರುವ ಕಡೆ ಗ್ಯಾಪ್ ಮುಖ್ಯ. ಅದು ಒಂದು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದ ವ್ಯವಹಾರ. ನಿಮ್ಮ ಮಾಡೆಲ್‌ಗೆ ಎಷ್ಟು ಅಂತ ಪುಸ್ತಕದಲ್ಲಿ ನೋಡಿಯೇ ಸೆಟ್ ಮಾಡಿ. ಪ್ಲಾಸ್ಟಿಕ್ ಅಥವಾ ಹಿತ್ತಾಳೆಯ ಫೀಲರ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಬಳಸಿ. ರಿಂಗ್ ಹಲ್ಲಿನ ಸಂದಿಯಲ್ಲಿ ಕಬ್ಬಿಣದ ಪುಡಿ ಮೆತ್ತಿಕೊಂಡಿದ್ದರೆ ಬ್ರಷ್‌ನಿಂದ ಒರೆಸಿ. ಏರ್ ಗನ್ ಹಿಡಿಯಬೇಡಿ, ಪುಡಿ ಬೇರಿಂಗ್ ಒಳಗೆ ಹೋಗುತ್ತದೆ.

ಕನೆಕ್ಟರ್, ಕೇಬಲ್

ಪವರ್ ಇಲ್ಲದೆಯೇ ಎರಡೂ ತುದಿ ಬಿಚ್ಚಿ. ಬ್ಯಾಟರಿ ಬೆಳಕಿನಲ್ಲಿ ಪ್ರತಿ ಪಿನ್ ನೋಡಿ. ಹಸಿರು, ಕಪ್ಪು, ಒಳಗೆ ಜಾರಿದ ಪಿನ್, ಬಗ್ಗಿದ ಪಿನ್. ಮೂಗಿನ ಹತ್ತಿರ ತಂದು ವಾಸನೆಯೂ ನೋಡಿ. ಕೆಟ್ಟ ಕೂಲೆಂಟ್ ವಾಸನೆ ಬಂದರೆ ಒಳಗೆ ಇಳಿದಿದೆ ಅಂತಲೇ ಅರ್ಥ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಪೂರ್ತಿ ಒಣಗಿಸಿ ಹಾಕಿ. ಕೇಬಲ್ ಕನೆಕ್ಟರ್‌ಗೆ ಮೇಲಿನಿಂದ ನೇರ ಇಳಿದಿದ್ದರೆ ಕೂಲೆಂಟ್ ಅದರ ಮೈಮೇಲೆಯೇ ಇಳಿದು ಗ್ಲ್ಯಾಂಡ್ (ಕೇಬಲ್ ಒಳಹೋಗುವ ಬಾಯಿಯ ಬಿಗಿ) ಒಳಗೆ ಹೋಗುತ್ತದೆ. ಕೇಬಲ್ ಒಮ್ಮೆ ಕೊಂಕಿ ಕೆಳಗೆ ಇಳಿದು ಮತ್ತೆ ಮೇಲೆ ಹತ್ತುವ ಹಾಗೆ ಕಟ್ಟಿದರೆ ಹನಿ ಅಲ್ಲೇ ಕೆಳಗೆ ಬೀಳುತ್ತದೆ. ಮನೆಯ ಸರ್ವಿಸ್ ವೈರ್‌ಗೆ ಲೈನ್‌ಮನ್ ಮಾಡುವುದೂ ಇದನ್ನೇ.

ಆಮೇಲೆ ವೈರ್ ಒಂದೊಂದಾಗಿ. ಒಂದು ತುದಿಯಿಂದ ಇನ್ನೊಂದು ತುದಿಗೆ ಬಝರ್ ಹಾಕಿ. ಬರೀ "ಪೀಂ" ಅಂದರೆ ತೃಪ್ತಿಪಡಬೇಡಿ. ಓಮ್ಸ್‌ನಲ್ಲಿ ಓದಿ, ಎಲ್ಲ ವೈರ್‌ಗೂ ಹತ್ತಿರ ಹತ್ತಿರ ಒಂದೇ ಅಂಕಿ ಬರಬೇಕು. ಒಂದು ಮಾತ್ರ ಬೇರೆ ಥರ ಇದ್ದರೆ ಅಲ್ಲಿ ಎಳೆಗಳು ಕಡಿದಿವೆ. ಮೀಟರ್ ಕಚ್ಚಿಸಿಟ್ಟು, ಇನ್ನೊಬ್ಬರಿಗೆ ಕೇಬಲನ್ನು ಅಡಿ ಅಡಿಗೂ ಬಗ್ಗಿಸಲು ಹೇಳಿ. ಚೈನ್ ಒಳಗಿನ ಬಾಗು, ಗ್ಲ್ಯಾಂಡ್ ಬಾಯಿ, ಕನೆಕ್ಟರ್‌ನಿಂದ ಮೊದಲ ಒಂದು ಗೇಣು: ಕಡಿಯುವುದು ಹೆಚ್ಚಾಗಿ ಈ ಮೂರು ಜಾಗದಲ್ಲಿ. ಒಂದು ವೈರ್ ಇನ್ನೊಂದಕ್ಕೆ, ಶೀಲ್ಡ್‌ಗೆ (ಗದ್ದಲ ತಡೆಯಲು ವೈರ್‌ಗಳ ಸುತ್ತ ಇರುವ ಲೋಹದ ಜಾಲರಿ) ತಾಗಿಲ್ಲ ಅಂತಲೂ ನೋಡಿ.

ಮೆಗ್ಗರ್ (ಜೋರು ವೋಲ್ಟೇಜ್ ಕೊಟ್ಟು ಇನ್ಸುಲೇಶನ್ ಅಳೆಯುವ ಮೀಟರ್) ಹಾಕುವ ಆಸೆ ಬಂದರೆ ತಡೆದುಕೊಳ್ಳಿ. ಮೆಗ್ಗರ್ ಇರುವುದು ಮೋಟಾರ್ ವೈಂಡಿಂಗ್‌ಗೆ, ಅದೂ ಡ್ರೈವ್‌ನಿಂದ ಯು, ವಿ, ಡಬ್ಲ್ಯೂ ಅನ್ನುವ ಮೂರು ಮೋಟಾರ್ ವೈರ್ ಬಿಚ್ಚಿದ ಮೇಲೆ. ಎನ್‌ಕೋಡರ್ ತಗುಲಿಕೊಂಡಿರುವ ವೈರ್‌ಗೆ 500 ವೋಲ್ಟ್ ಕೊಟ್ಟರೆ ಅಲ್ಲಿಗೆ ಅದರ ಕಥೆ ಮುಗಿಯಿತು.

ಮಂಡ್ಯ ಕಡೆ ಕೆಲಸಕ್ಕೆ ಹೋದಾಗ ಇನ್ನೊಂದು ವಿಷಯ ಜ್ಞಾಪಕದಲ್ಲಿ ಇಟ್ಟುಕೊಳ್ಳುತ್ತೇನೆ. ಅಕ್ಕಪಕ್ಕ ಕಬ್ಬು ಕಡಿದ ಮೇಲೆ ಇಲಿಗಳಿಗೆ ಶೆಡ್ಡೇ ಗತಿ. ಪ್ಯಾನೆಲ್ ಕೆಳಗಿನ ಡಕ್ಟ್ ಮುಚ್ಚಳ ತೆಗೆದು ಒಮ್ಮೆ ಟಾರ್ಚ್ ಹಾಕಿ. ಹಿಕ್ಕೆ ಕಂಡರೆ ಕೇಬಲ್ ಪೂರ್ತಿ ಕೈಯಲ್ಲಿ ಸವರಿಕೊಂಡು ಹೋಗಿ.

5 ವೋಲ್ಟ್ ನಿಜವಾಗಿ 5 ವೋಲ್ಟಾ?

ಇದನ್ನು ಬಿಟ್ಟುಬಿಡುವವರೇ ಜಾಸ್ತಿ. ಎಲ್ಲ ಜೋಡಿಸಿ, ಎಮರ್ಜೆನ್ಸಿ ಸ್ಟಾಪ್ ಒತ್ತಿಟ್ಟು, ಕಂಟ್ರೋಲ್ ಪವರ್ ಕೊಡಿ. ಎನ್‌ಕೋಡರ್‌ಗೆ ಸಪ್ಲೈ ಬರುತ್ತದೆ, ಮೋಟಾರ್ ಓಡುವುದಿಲ್ಲ. ಡ್ರೈವ್ ತುದಿಯಲ್ಲಿ ಅಳೆದು 5.0 ಬಂತು ಅಂತ ಹೊರಡಬೇಡಿ. ಎನ್‌ಕೋಡರ್ ತುದಿಯಲ್ಲಿ, ಎನ್‌ಕೋಡರ್ ತಗುಲಿಕೊಂಡಿರುವಾಗ ಅಳೆಯಿರಿ. 5 ವೋಲ್ಟ್ ಎನ್‌ಕೋಡರ್‌ಗಳಿಗೆ ಸಾಮಾನ್ಯವಾಗಿ ಶೇಕಡಾ 5 ಆಚೀಚೆ ಮಾತ್ರ ರಿಯಾಯಿತಿ, ಅಂದರೆ 4.75 ಕೆಳಗಿನ ಗೆರೆ.

ಯಾರೋ ಕಡಿದ ಕೇಬಲ್ ಬದಲಿಗೆ ಸಿಕ್ಕಿದ ತೆಳು ಕೇಬಲ್ ಹಾಕಿದ್ದಾರೆ ಅಂತ ಇಟ್ಟುಕೊಳ್ಳಿ. 0.14 ಚದರ ಮಿಲಿಮೀಟರ್ ವೈರ್, 15 ಮೀಟರ್. ಹೋಗಿ ಬರುವ ದಾರಿ 30 ಮೀಟರ್, ತಾಮ್ರದ ಲೆಕ್ಕದಲ್ಲಿ ಹತ್ತಿರ ಹತ್ತಿರ 3.75 ಓಮ್. ಎನ್‌ಕೋಡರ್ 150 ಮಿಲಿಆಂಪ್ ಎಳೆದರೆ 0.56 ವೋಲ್ಟ್ ದಾರಿಯಲ್ಲೇ ಹೋಯಿತು. ಡ್ರೈವ್ ಕೊಟ್ಟ 5.0 ಅಲ್ಲಿಗೆ ತಲುಪುವಾಗ 4.44. ಅದೇ ಸಪ್ಲೈಗೆ 0.5 ಚದರ ಮಿಲಿಮೀಟರ್ ವೈರ್ ಹಾಕಿದ್ದರೆ ಹೋಗುತ್ತಿದ್ದದ್ದು 0.16 ಮಾತ್ರ. ಒರಿಜಿನಲ್ ಕೇಬಲ್‌ನಲ್ಲಿ ಸಪ್ಲೈಗೆ ದಪ್ಪ ವೈರ್ ಅಥವಾ ಎರಡೆರಡು ವೈರ್ ಯಾಕೆ ಕೊಟ್ಟಿರುತ್ತಾರೆ ಅಂತ ಈಗ ಗೊತ್ತಾಯಿತಲ್ಲ. ಕೇಬಲ್ ಬದಲಿಸಿದ ಮೇಲೆ ಯಾವಾಗಲೋ ಒಮ್ಮೆ ಅಲಾರ್ಮ್ ಬರುವ ಮೆಷಿನ್‌ನಲ್ಲಿ ಮೊದಲು ಇದನ್ನು ನೋಡಿ.

ಸಿಗ್ನಲ್ ನೋಡುವುದು

ಮಾಮೂಲಿ ಇನ್‌ಕ್ರಿಮೆಂಟಲ್ (ತಿರುಗಿದಷ್ಟು ಪಲ್ಸ್ ಕೊಡುವ) ಎನ್‌ಕೋಡರ್‌ನಿಂದ ಎ, ಬಿ, ಮತ್ತು ಸುತ್ತಿಗೊಂದು ಬರುವ ಝಡ್ ಅಂತ ಮೂರು ಸಿಗ್ನಲ್. ಪ್ರತಿಯೊಂದಕ್ಕೂ ತಲೆಕೆಳಗಾದ ಒಂದು ಜೋಡಿ: ಎ-ಬಾರ್, ಬಿ-ಬಾರ್, ಝಡ್-ಬಾರ್. ಎ ಮೇಲಿದ್ದಾಗ ಎ-ಬಾರ್ ಕೆಳಗಿರಬೇಕು. ಡ್ರೈವ್ ಇವೆರಡರ ಅಂತರವನ್ನು ಓದುತ್ತದೆ. ಎರಡೂ ವೈರ್‌ಗೆ ಒಟ್ಟಿಗೆ ಬಡಿಯುವ ಗದ್ದಲ ಅಂತರದಲ್ಲಿ ಕಳೆದುಹೋಗುತ್ತದೆ.

ಮಲ್ಟಿಮೀಟರ್‌ನಲ್ಲೇ ಎಷ್ಟೋ ಗೊತ್ತಾಗುತ್ತದೆ. ಕಪ್ಪು ಪ್ರೋಬ್ ಎನ್‌ಕೋಡರ್‌ನ 0 ವೋಲ್ಟ್‌ಗೆ, ಕೆಂಪು ಎ ವೈರ್‌ಗೆ. ಚಕ್ (ಜಾಬ್ ಹಿಡಿಯುವ ಭಾಗ) ಅನ್ನು ಬೆರಳಲ್ಲಿ ತಟ್ಟಿ ತಟ್ಟಿ ಕದಲಿಸಿ. ಸುತ್ತಿಗೆ 1024 ಪಲ್ಸ್ ಇರುವುದರಿಂದ ಕೂದಲೆಳೆಯಷ್ಟು ಕದಲಿದರೂ ಬದಲಾಗುತ್ತದೆ. ಒಂದು ಸಲ 3 ವೋಲ್ಟ್ ಮೇಲೆ, ಒಂದು ಸಲ ಅರ್ಧ ವೋಲ್ಟ್ ಒಳಗೆ ಬರಬೇಕು. ಆಗ ಎ-ಬಾರ್ ಅದಕ್ಕೆ ಉಲ್ಟಾ ಇರಬೇಕು. ಎರಡೂ ಒಂದೇ ವೋಲ್ಟೇಜ್ ತೋರಿಸಿದರೆ ಆ ಜೋಡಿಯಲ್ಲಿ ಒಂದು ವೈರ್ ಕಡಿದಿದೆ. ಡ್ರೈವ್ ಒಳಗೆ ಜೋಡಿಯ ನಡುವೆ ಸಾಮಾನ್ಯವಾಗಿ 120 ಓಮ್ ರೆಸಿಸ್ಟರ್ ಇರುತ್ತದೆ, ಕಡಿದ ವೈರ್ ಅದರ ಮೂಲಕ ಜೊತೆಗಾರನ ವೋಲ್ಟೇಜನ್ನೇ ತೋರಿಸುತ್ತದೆ. ಹೀಗೆ ಒಂದು ಕಾಲು ಕಡಿದ ಜೋಡಿ ನಿಧಾನ ವೇಗದಲ್ಲಿ ಹೇಗೋ ಕೆಲಸ ಮಾಡಿ, ವೇಗ ಏರಿದಾಗ ಕೈಕೊಡುವುದೂ ಉಂಟು.

ಸ್ಪಿಂಡಲ್ ಓಡುವಾಗ ಮೀಟರ್ 2.5 ಸುಮಾರು ತೋರಿಸಿದರೆ ಗಾಬರಿ ಬೇಡ, ಅದು ಸರಾಸರಿ. ಸೈನ್ ಅಲೆ ಕೊಡುವ ಸೆನ್ಸರ್ ಆದರೆ ಮೀಟರ್ ಏನೂ ಹೇಳುವುದಿಲ್ಲ, ಅಲೆಯನ್ನು ಪರದೆಯ ಮೇಲೆ ತೋರಿಸುವ ಸ್ಕೋಪ್ ಬೇಕೇ ಬೇಕು. 1 ವೋಲ್ಟ್ ಪೀಕ್ ಟು ಪೀಕ್ ಥರದ್ದರಲ್ಲಿ ಅಲೆ ಕುಗ್ಗಿ 0.6ರ ಕೆಳಗೆ ಹೋಗಿದ್ದರೆ ಗ್ಯಾಪ್, ಕೊಳೆ, ಸಪ್ಲೈ ಮೂರನ್ನೂ ಮತ್ತೆ ನೋಡಿ.

ಸ್ಕೋಪ್ ಇದ್ದರೆ ಎ ಒಂದು ಚಾನೆಲ್‌ಗೆ, ಬಿ ಇನ್ನೊಂದಕ್ಕೆ. ಒಂದರ ಏರಿಕೆ ಇನ್ನೊಂದರ ಮಧ್ಯಕ್ಕೆ ಬರಬೇಕು. ಅಂದರೆ 90 ಡಿಗ್ರಿ ಅಂತರ. 1024 ಪಲ್ಸ್ ಎನ್‌ಕೋಡರ್ 6000 ಆರ್‌ಪಿಎಂನಲ್ಲಿ ಸೆಕೆಂಡಿಗೆ 1,02,400 ಪಲ್ಸ್ ಕೊಡುತ್ತದೆ, ಆದ್ದರಿಂದ ತೀರಾ ಹಳೇ ಆಟಿಕೆ ಸ್ಕೋಪ್ ಸಾಲದು. ಬ್ಯಾಟರಿಯ ಸ್ಕೋಪ್ ಒಳ್ಳೆಯದು, ಗ್ರೌಂಡ್ ಕ್ಲಿಪ್ ತಪ್ಪು ಜಾಗಕ್ಕೆ ಕಚ್ಚಿ ಕಿಡಿ ಹಾರುವ ಭಯ ಕಡಿಮೆ.

ಯಾವ ಸಾಧನವೂ ಇಲ್ಲದವರಿಗೆ ಕಂಟ್ರೋಲರ್‌ನ ಡಯಾಗ್ನೋಸಿಸ್ ಪುಟವೇ ಸ್ಕೋಪ್. 1024 ಪಲ್ಸ್ ಅನ್ನು ನಾಲ್ಕು ಪಟ್ಟು ಎಣಿಸಿ ಸುತ್ತಿಗೆ 4096 ಅಂತ ಲೆಕ್ಕ. ಚಕ್ ಮೇಲೆ ಚಾಕ್‌ಪೀಸ್‌ನಲ್ಲಿ ಒಂದು ಗೆರೆ, ಹೆಡ್‌ಸ್ಟಾಕ್ ಮೇಲೆ ಎದುರಿಗೆ ಒಂದು. ಗೆರೆ ಕೂಡಿಸಿ ಅಂಕಿ ಬರೆದುಕೊಳ್ಳಿ. ಕೈಯಲ್ಲಿ ಹತ್ತು ಸುತ್ತು ತಿರುಗಿಸಿ ಮತ್ತೆ ಗೆರೆ ಕೂಡಿಸಿ. ಗೆರೆ ನೋಡುವ ಕಣ್ಣಿನ ತಪ್ಪಿನಷ್ಟು ಆಚೀಚೆ ಬಿಟ್ಟರೆ ಅಂಕಿ ಅಲ್ಲೇ ಇರಬೇಕು. ನೂರಾರು ಸರಿದಿದ್ದರೆ ಪಲ್ಸ್ ಕಳೆದುಹೋಗುತ್ತಿದೆ ಅಥವಾ ಬೆಲ್ಟ್ ಹಾರುತ್ತಿದೆ. ಸೀಮೆನ್ಸ್ ಡ್ರೈವ್‌ನಲ್ಲಿ ಆರ್482 ಎಣಿಕೆ ತೋರಿಸುತ್ತದೆ, ಆರ್61 ವೇಗ.

ಗದ್ದಲದ ಕೇಸು

ಎಲ್ಲ ಸರಿ ಇದೆ, ಆದರೂ ಸ್ಪಿಂಡಲ್ ವೇಗ ಹಿಡಿಯುವಾಗ ಅಲಾರ್ಮ್. ಮೋಟಾರ್‌ಗೆ ಕರೆಂಟ್ ಜೋರಾಗಿ ಹೋಗುವ ಹೊತ್ತದು. ಮೊದಲು ಶೀಲ್ಡ್ ನೋಡಿ. ಕೇಬಲ್ ಸಿಪ್ಪೆ ಸುಲಿದಲ್ಲಿ ಶೀಲ್ಡನ್ನು ಉದ್ದನೆ ಜಡೆ ಮಾಡಿ ಯಾವುದೋ ಸ್ಕ್ರೂಗೆ ಕಟ್ಟಿರುತ್ತಾರೆ. ಅದು ಶೀಲ್ಡ್ ಅಲ್ಲ, ಆಂಟೆನಾ. ಸುತ್ತಲೂ ಹಿಡಿಯುವ ಕ್ಲ್ಯಾಂಪ್ ಹಾಕಿ ಅರ್ಥ್ ಪ್ಲೇಟ್‌ಗೆ ಒತ್ತಿ. ಮೋಟಾರ್ ಪವರ್ ಕೇಬಲ್ ಮತ್ತು ಎನ್‌ಕೋಡರ್ ಕೇಬಲ್ ಒಂದೇ ಡಕ್ಟ್‌ನಲ್ಲಿ ಅಣ್ಣತಮ್ಮಂದಿರ ಹಾಗೆ ತಬ್ಬಿಕೊಂಡಿದ್ದರೆ ಬೇರೆ ಮಾಡಿ. ಗೇಣಷ್ಟಾದರೂ ಅಂತರ ಇರಲಿ, ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಲಿ. ಮೋಟಾರ್ ಬಾಡಿಯಿಂದ ಡ್ರೈವ್‌ಗೆ ಬರುವ ಅರ್ಥ್ ವೈರ್ ಬಿಗಿಯಾಗಿದೆಯಾ ನೋಡಿ. ಕಾಂಟ್ಯಾಕ್ಟರ್, ಬ್ರೇಕ್ ಕಾಯಿಲ್‌ಗೆ ಸರ್ಜ್ ಕಿಲ್ಲರ್ (ಹಾರುವ ವೋಲ್ಟೇಜ್ ಹೀರಿಕೊಳ್ಳುವ ಬಿಡಿಭಾಗ) ಇದೆಯಾ? ಕೂಲೆಂಟ್ ಪಂಪ್ ಆನ್ ಆದ ಕ್ಷಣಕ್ಕೆ ಎಣಿಕೆ ಕುಣಿದರೆ ಉತ್ತರ ಸಿಕ್ಕಿತು. ಪಕ್ಕದ ಶೆಡ್‌ನಲ್ಲಿ ವೆಲ್ಡಿಂಗ್ ನಡೆಯುವಾಗ ಮಾತ್ರ ಬರುವ ಅಲಾರ್ಮ್‌ಗಳನ್ನೂ ಕಂಡಿದ್ದೇನೆ. ಅಲ್ಲಿ ತಪ್ಪು ವೆಲ್ಡರ್‌ದಲ್ಲ, ನಮ್ಮ ಅರ್ಥಿಂಗ್‌ದು.

31 ಬಂದು ಮೋಟಾರ್ ಗುಂಯ್ ಅಂದರೆ

ಒಂದು ಪ್ರಶ್ನೆ ಕೇಳಿ: ಮೋಟಾರ್ ಇತ್ತೀಚೆಗೆ ರಿವೈಂಡಿಂಗ್‌ಗೆ ಹೋಗಿತ್ತಾ? ವಾಪಸ್ ಬಂದಾಗ ಯು, ವಿ, ಡಬ್ಲ್ಯೂನಲ್ಲಿ ಎರಡು ಅದಲುಬದಲಾಗಿದ್ದರೆ ಮೋಟಾರ್ ಒಂದು ಕಡೆ ತಿರುಗಲು ನೋಡುತ್ತದೆ, ಫೀಡ್‌ಬ್ಯಾಕ್ ಇನ್ನೊಂದು ಕಡೆ ಹೇಳುತ್ತದೆ. ಕರೆಂಟ್ ಏರುತ್ತದೆ, ಮೋಟಾರ್ ನಡುಗುತ್ತದೆ, ತಿರುಗುವುದಿಲ್ಲ. ಎ ಮತ್ತು ಬಿ ಅದಲುಬದಲಾದರೂ ಇದೇ ಲಕ್ಷಣ. ಸೀಮೆನ್ಸ್‌ನಲ್ಲಿ ಇಂಥ ಹೊತ್ತಿಗೆ 7900 ಅಥವಾ 7902 ಬರಬಹುದು. ಸಾಧಾರಣ ಇನ್ವರ್ಟರ್ ಆದರೆ ಸ್ವಲ್ಪ ಹೊತ್ತು ಫೀಡ್‌ಬ್ಯಾಕ್ ನೋಡದೆ ಓಡಿಸುವ ವಿ/ಎಫ್ ಮೋಡ್‌ಗೆ ಹಾಕಿ, ಕಡಿಮೆ ವೇಗದಲ್ಲಿ, ಜಾಬ್ ಇಲ್ಲದೆ ತಿರುಗಿಸಿ. ಆಗ ಮೋಟಾರ್ ಮೆತ್ತಗೆ ತಿರುಗಿದರೆ ಮೋಟಾರೂ ಡ್ರೈವ್‌ನ ಪವರ್ ಭಾಗವೂ ಚೆನ್ನಾಗಿವೆ, ಫೀಡ್‌ಬ್ಯಾಕ್ ಕಡೆ ಹುಡುಕಿ. ಪರೀಕ್ಷೆ ಮುಗಿದ ಕೂಡಲೇ ಹಳೇ ಮೋಡ್‌ಗೆ ತನ್ನಿ.

ಅದಲುಬದಲು ಪರೀಕ್ಷೆ, ಮತ್ತು ಮಾಡಬಾರದ ಒಂದು ಕೆಲಸ

ಪಕ್ಕದಲ್ಲಿ ಅದೇ ಮಾಡೆಲ್ ಇನ್ನೊಂದು ಮೆಷಿನ್ ಇದ್ದರೆ ಅದರ ಎನ್‌ಕೋಡರ್ ಕೇಬಲ್ ತಂದು ನೆಲದ ಮೇಲೇ ಹಾಸಿ ಹಾಕಿ ನೋಡಿ. ದೋಷ ಹೋದರೆ ಕೇಬಲ್. ಹೋಗದಿದ್ದರೆ ಆಮೇಲೆ ಎನ್‌ಕೋಡರ್, ಕೊನೆಗೆ ಡ್ರೈವ್. ಒಂದು ಸಲಕ್ಕೆ ಒಂದೇ ವಸ್ತು ಬದಲಿಸಿ. ಕೆಟ್ಟದ್ದನ್ನು ಒಳ್ಳೆ ಮೆಷಿನ್‌ಗೆ ಹಾಕುವ ಮುಂಚೆ ಶಾರ್ಟ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ, ಇಲ್ಲದಿದ್ದರೆ ನಿಂತ ಮೆಷಿನ್ ಎರಡಾಗುತ್ತವೆ.

ಕಡಿತ ಪತ್ತೆ ಮಾಡುವ ಸೌಲಭ್ಯವನ್ನು ಪ್ಯಾರಾಮೀಟರ್‌ನಲ್ಲಿ ಆಫ್ ಮಾಡಿ "ಡಿಸ್ಪ್ಯಾಚ್ ಇದೆ, ಇವತ್ತು ಓಡ್ಲಿ ಬಿಡಿ ಸಾರ್" ಅನ್ನುವವರು ಸಿಗುತ್ತಾರೆ. ನಾನು ಮಾಡುವುದಿಲ್ಲ. ಅಲಾರ್ಮ್ ಹೋಗುತ್ತದೆ, ದೋಷ ಅಲ್ಲೇ ಇರುತ್ತದೆ. ಸ್ಪಿಂಡಲ್ ನಿಂತಿದೆ ಅಂತ ಕಂಟ್ರೋಲರ್ ಅಂದುಕೊಂಡಾಗ ಚಕ್ ತಿರುಗುತ್ತಿರಬಹುದು. ಅದರ ಎದುರು ನಿಲ್ಲುವವನು ಆಪರೇಟರ್ ಹುಡುಗ.

ಬದಲಿಸಲೇಬೇಕಾದರೆ

ಎನ್‌ಕೋಡರೇ ಹೋಗಿದೆ ಅಂತ ತೀರ್ಮಾನ ಆಯಿತು ಅನ್ನಿ. ಹೊಸದರ ಮೇಲೆ ಪಲ್ಸ್ ಸಂಖ್ಯೆ, ಸಪ್ಲೈ ವೋಲ್ಟೇಜ್, ಔಟ್‌ಪುಟ್ ಬಗೆ ಮೂರೂ ಹಳೆಯದಕ್ಕೆ ಹೊಂದಬೇಕು. 24 ವೋಲ್ಟ್ ಥರದ್ದನ್ನು 5 ವೋಲ್ಟ್ ಜಾಗಕ್ಕೆ ಹಾಕಿದರೆ ಕೆಲಸ ಮಾಡುವುದಿಲ್ಲ, 5 ವೋಲ್ಟ್ ಥರದ್ದನ್ನು 24 ವೋಲ್ಟ್ ಜಾಗಕ್ಕೆ ಹಾಕಿದರೆ ಸುಡುತ್ತದೆ. ಪುಲ್ಲಿಯನ್ನು ಸುತ್ತಿಗೆಯಿಂದ ಬಡಿದು ಶಾಫ್ಟ್‌ಗೆ ಕೂರಿಸಬೇಡಿ. ಆಪ್ಟಿಕಲ್ ಎನ್‌ಕೋಡರ್ ಒಳಗೆ ಗಾಜಿನ ಡಿಸ್ಕ್ ಇರಬಹುದು. ಹೊಸ ಪೆಟ್ಟಿಗೆ ಒಡೆದು ಹತ್ತು ನಿಮಿಷಕ್ಕೆ ಅದು ಚೂರಾದ ಸದ್ದು ನಾನು ಕೇಳಿದ್ದೇನೆ, ಅಲ್ಲಾಡಿಸಿದರೆ ಗಿಲಕಿ ಥರ. ಬೆಲ್ಟ್ ತಂತಿ ಎಳೆದ ಹಾಗೆ ಬಿಗಿಯುವುದೂ ಬೇಡ, ಬೇರಿಂಗ್ ಬೇಗ ಹೋಗುತ್ತದೆ.

ಹಾಕಿದ ಮೇಲೆ ಸುತ್ತಿಗೊಂದು ಬರುವ ಝಡ್ ಸಿಗ್ನಲ್‌ನ ಜಾಗ ಬದಲಾಗಿರುತ್ತದೆ. ಹಾಗಾಗಿ ಎಂ19 ಬೇರೆ ಕಡೆ ನಿಲ್ಲುತ್ತದೆ. ವಿಎಂಸಿಯಲ್ಲಿ ಇದನ್ನು ಮರೆತು ಟೂಲ್ ಚೇಂಜ್ ಕೊಟ್ಟರೆ ಟೂಲ್ ಬದಲಿಸುವ ಆರ್ಮ್ ಮತ್ತು ಸ್ಪಿಂಡಲ್ ಮೂತಿಯ ಕೀ ಡಿಕ್ಕಿ ಹೊಡೆಯುತ್ತವೆ. ಟೂಲ್ ಇಲ್ಲದೆ ಎಂ19 ಕೊಟ್ಟು, ಕೀ ಮೇಲೆ ಡಯಲ್ ಗೇಜ್ ಇಟ್ಟು ಎಷ್ಟು ಸರಿದಿದೆ ನೋಡಿ, ಓರಿಯೆಂಟೇಶನ್ ಶಿಫ್ಟ್ ಪ್ಯಾರಾಮೀಟರ್ ತಿದ್ದಿ. ಫ್ಯಾನಕ್ ಸೀರಿಯಲ್ ಸ್ಪಿಂಡಲ್‌ನಲ್ಲಿ ಅದು 4077. ತಿದ್ದುವ ಮುಂಚೆ ಹಳೇ ಅಂಕಿ ಬರೆದಿಟ್ಟುಕೊಳ್ಳಿ. ಹತ್ತು ಸಲ ಎಂ19 ಕೊಟ್ಟು ಹತ್ತೂ ಸಲ ಡಯಲ್ ಅಲ್ಲೇ ಬಂದ ಮೇಲೆ ಮಾತ್ರ ಆರ್ಮ್ ಬಿಡಿ, ಅದೂ ಮೊದಲ ಸಲ ನಿಧಾನವಾಗಿ, ಕೈ ಎಮರ್ಜೆನ್ಸಿ ಮೇಲೆ. ಲೇತ್‌ನಲ್ಲಿ ಅರ್ಧ ಕಟ್ಟಾದ ಥ್ರೆಡ್ ಜಾಬ್ ಇದ್ದರೆ ಅದನ್ನು ಮುಂದುವರಿಸಬೇಡಿ, ಶುರುವಿನ ಜಾಗ ಬದಲಾಗಿದೆ, ಥ್ರೆಡ್ ಹಾಳಾಗುತ್ತದೆ.

ಹೊರಡುವ ಮುಂಚೆ ನನ್ನದೊಂದು ಅಭ್ಯಾಸ. ಪ್ಯಾನೆಲ್ ಬಾಗಿಲ ಒಳಗೆ ಮಾರ್ಕರ್‌ನಲ್ಲಿ ತಾರೀಖು, ಅಲಾರ್ಮ್ ನಂಬರ್, ಸಿಕ್ಕಿದ ಕಾರಣ, ಎನ್‌ಕೋಡರ್ ತುದಿಯಲ್ಲಿ ಅಳೆದ ವೋಲ್ಟ್ ಬರೆದು ಬರುತ್ತೇನೆ. ಹೆಬ್ಬಾಳದ ಆ ಲೇತ್ ಬಾಗಿಲಲ್ಲಿ ಅದರ ಕೆಳಗೆ ಮಾಲೀಕರೇ ಇನ್ನೊಂದು ಸಾಲು ಸೇರಿಸಿದ್ದಾರೆ: "ಪೂಜೆಗೆ ಒದ್ದೆ ಬಟ್ಟೆಯಲ್ಲಿ ಒರೆಸುವುದು. ಪೈಪ್ ಮುಟ್ಟಬಾರದು."